ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಗೆ ಅಡುಗೆ ಪೆಟ್ಟಿಗೆ: ಎಷ್ಟು ದಪ್ಪದ ಪ್ಲೈವುಡ್, ಯಾವ ಅಳತೆ, ಗ್ಯಾಸ್ ಯಾವುದು?

ನೀವು ನಾಲ್ಕು ಜನ, ಹ್ಯಾಚ್‌ಬ್ಯಾಕ್ ಕಾರು, ಸಕಲೇಶಪುರ–ಮೂಡಿಗೆರೆ ಕಡೆ ಎರಡು ರಾತ್ರಿಯ ಕ್ಯಾಂಪಿಂಗ್. ಬಡಗಿ 18 ಎಂಎಂ ಪ್ಲೈವುಡ್‌ನಲ್ಲಿ ಡ್ರಾಯರ್ ಇಟ್ಟು ಅಡುಗೆ ಪೆಟ್ಟಿಗೆ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ, 5 ಕೆಜಿ ಗ್ಯಾಸ್ ಸಿಲಿಂಡರನ್ನೂ ಅದರೊಳಗೇ ಕೂರಿಸಬಹುದಾ ಅಂತ ಕೇಳಿದ್ದೀರಿ. ಮೂರೂ ಬೇಡ. ಹ್ಯಾಚ್‌ಬ್ಯಾಕ್ ಡಿಕ್ಕಿಗೆ ಸಾಮಾನ್ಯವಾಗಿ ಎತ್ತರದ ಅಂಚು ಇರುತ್ತದೆ, ಒಳಗಿಟ್ಟ ಪೆಟ್ಟಿಗೆಯ ಡ್ರಾಯರ್ ಅದಕ್ಕೆ ತಾಗಿ ಪೂರ್ತಿ ಹೊರಗೆ ಬರುವುದಿಲ್ಲ. ಅಂದಮೇಲೆ ಪೆಟ್ಟಿಗೆಯನ್ನೇ ಎತ್ತಿ ಹೊರಗಿಡಬೇಕು. ತುಂಬಿದ ಪೆಟ್ಟಿಗೆಯನ್ನು ಇಬ್ಬರು ಸಲೀಸಾಗಿ ಎತ್ತುವಂತಿರಬೇಕು ಅನ್ನುವುದೊಂದನ್ನು ಗಟ್ಟಿ ಹಿಡಿದುಕೊಳ್ಳಿ, ಮಿಕ್ಕದ್ದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ಅಳತೆ 750 ಎಂಎಂ ಅಗಲ, 380 ಆಳ, 420 ಎತ್ತರ ಇರಲಿ. ಇದಕ್ಕೆ 12 ಎಂಎಂ ಪ್ಲೈವುಡ್ ಅರ್ಧ ಶೀಟ್, ಅಂದರೆ 4×4 ಅಡಿ, ಸಾಕಾಗುತ್ತದೆ. ಮುಂದಿನ ಬಾಗಿಲು 750×420, ಎರಡು ಪಕ್ಕ 420×380, ಮೇಲೆ ಕೆಳಗೆ ಎರಡು 726×380. ಹಿಂಬದಿಗೆ, ಒಳಗಿನ ಅಡ್ಡಹಲಗೆಗೆ 6 ಎಂಎಂ ಸಾಕು. ಖಾಲಿ ಪೆಟ್ಟಿಗೆ 12–13 ಕೆಜಿ ಬರುತ್ತದೆ, 18 ಎಂಎಂ ಹಾಕಿದರೆ ಇನ್ನೂ 5 ಕೆಜಿ ಸುಮ್ಮನೆ ಹೊತ್ತ ಹಾಗೆ. ಕತ್ತರಿಸುವ ಮೊದಲು ಡಿಕ್ಕಿಯನ್ನು ಚಕ್ರದ ಉಬ್ಬುಗಳ ನಡುವೆ ಅಳೆಯಿರಿ, ಬಾಗಿಲು ಮುಚ್ಚಿದಾಗ ಗಾಜಿನ ಇಳಿಜಾರು ಎಲ್ಲಿಗೆ ಬರುತ್ತದೆ ಅಂತಲೂ ನೋಡಿ. ಪ್ಲೈವುಡ್ ಐಎಸ್ 710 ಮುದ್ರೆ ಇರುವ ಬಿಡಬ್ಲ್ಯೂಪಿ, ಅಂದರೆ ಕುದಿವ ನೀರಿಗೂ ತಡೆಯುವ, ದರ್ಜೆಯದೇ ಆಗಬೇಕು. ಐಎಸ್ 303ರ ಎಂಆರ್, ಅಂದರೆ ಬರೀ ತೇವ ತಡೆಯುವ, ದರ್ಜೆ ಅಗ್ಗ, ಆದರೆ ಮಲೆನಾಡಿನ ಇಬ್ಬನಿಗೆ ಎರಡು ಸೀಸನ್‌ನಲ್ಲಿ ಪದರ ಬಿಡತೊಡಗುತ್ತದೆ.

ಜೋಡಣೆಯಲ್ಲಿ ಒಂದು ವಿಷಯ ಬಡಗಿಗೆ ಒತ್ತಿ ಹೇಳಿ: ತಳದ ಹಲಗೆ ಎರಡು ಪಕ್ಕಗಳ ನಡುವೆ ಕೂರಬೇಕು, ಪಕ್ಕಗಳ ಕೆಳಗೆ ಅಲ್ಲ. ಹಿಡಿಗಳು ಪಕ್ಕದಲ್ಲಿರುತ್ತವೆ. ತಳವನ್ನು ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿದರೆ, ಎತ್ತಿದಾಗಲೆಲ್ಲ ಒಳಗಿನ ಅಷ್ಟೂ ಭಾರ ಸ್ಕ್ರೂಗಳನ್ನು ನೇರ ಕೆಳಕ್ಕೆ ಎಳೆಯುತ್ತದೆ. 12 ಎಂಎಂ ಅಂಚಿನಲ್ಲಿ ಅವಕ್ಕೆ ಹಿಡಿತ ಇರುವುದೇ ಕಡಿಮೆ, ಬೇಗ ಕಿತ್ತು ಬರುತ್ತವೆ. ಒಳಮೂಲೆಗಳಿಗೆ 20×20 ಎಂಎಂ ಮರದ ರೀಪರ್ (ಪಟ್ಟಿ) ಕೊಟ್ಟು, ನೀರು ತಡೆಯುವ ಮರೀನ್ ಫೆವಿಕಾಲ್ ಹಚ್ಚಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಜಿಪ್ಸಮ್ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂ ಬೇಡ, ಗಡುಸು ಹೆಚ್ಚಾದ್ದರಿಂದ ಘಾಟಿಯ ಅದುರಿಗೆ ತಲೆ ಮುರಿಯುತ್ತದೆ. ಹಿಂಬದಿ ಅಂಟಿಸುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಸಮ ಬರುವಂತೆ ಮಾಡಿಕೊಳ್ಳಿ, ಇಲ್ಲದಿದ್ದರೆ ಬಾಗಿಲು ಓರೆಯಾಗಿ ಕೂರುತ್ತದೆ. ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿ ಪಿಯು (ಪಾಲಿಯುರೆಥೇನ್) ವಾರ್ನಿಶ್. ಮುಖಕ್ಕೆ ಎರಡು ಕೋಟ್, ಅಂಚುಗಳಿಗೆ ಮೂರು. ನೀರು ಕುಡಿಯುವುದು ಅಂಚುಗಳೇ.

ಬಾಗಿಲನ್ನು ಕೆಳಗಡೆ ಪಿಯಾನೊ ಹಿಂಜ್ (ಅಂಚಿನ ಉದ್ದಕ್ಕೂ ಬರುವ ಪಟ್ಟಿ ಹಿಂಜ್) ಹಾಕಿ ಕೂರಿಸಿದರೆ, ತೆರೆದಾಗ ತರಕಾರಿ ಹೆಚ್ಚುವ ಹಲಗೆ ಆಗುತ್ತದೆ. ಎರಡೂ ಕಡೆ ಸರಪಳಿ ಬೇಕು: ಹಿಂಜ್‌ನಿಂದ ಬಾಗಿಲ ಮೇಲೆ 300 ಎಂಎಂ, ಪಕ್ಕದ ಮೇಲೂ 300 ಎಂಎಂ ದೂರಕ್ಕೆ ಕೊಂಡಿ ಹಾಕಿದರೆ ಸರಪಳಿ 425 ಎಂಎಂ. ಪೆಟ್ಟಿಗೆ ತುಂಬಿರುವಾಗ ಈ ಹಲಗೆ ತೊಂದರೆ ಕೊಡುವುದಿಲ್ಲ. ಕೊನೆಯ ದಿನ, ಸಾಮಾನು ಖಾಲಿಯಾಗಿ ಪೆಟ್ಟಿಗೆ ಹಗುರಾದಾಗ, ತುದಿಯಲ್ಲಿ ಸಾರಿನ ಪಾತ್ರೆ ಇಟ್ಟು ಮೇಲೊಂದು ಕೈ ಊರಿದರೆ ಇಡೀ ಪೆಟ್ಟಿಗೆ ಮುಂದಕ್ಕೆ ಮಗುಚುತ್ತದೆ. ಹಾಗಾಗಿ ಹಲಗೆಯ ಮುಂದಿನ ಅಂಚಿಗೆ ಒಂದು ಮಡಚುವ ಕಾಲು ಹಾಕಿಸಿಬಿಡಿ. ಮುಚ್ಚಲು ಅಯಸ್ಕಾಂತದ ಕ್ಯಾಚ್ ಸಾಲದು, ಶಿರಾಡಿ ಘಾಟಿಯ ಮೊದಲ ತಿರುವಿನಲ್ಲೇ ಬಿಟ್ಟುಕೊಳ್ಳುತ್ತದೆ. ಎಳೆದು ಬಿಗಿಯುವ ಟಾಗಲ್ ಲ್ಯಾಚ್ ಎರಡು ಇರಲಿ. ಡ್ರಾಯರ್ ಬದಲು ಒಳಗೆ ಅಳತೆಗೆ ಕೂರುವ ಪ್ಲಾಸ್ಟಿಕ್ ಬುಟ್ಟಿಗಳು ಸಾಕು.

ಗ್ಯಾಸಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಮುಚ್ಚಿದ ಪೆಟ್ಟಿಗೆಯಲ್ಲಿ ಸೋರಿದರೆ ಅದು ಪೆಟ್ಟಿಗೆಯ ತಳದಲ್ಲಿ, ಆಮೇಲೆ ಡಿಕ್ಕಿಯ ನೆಲದಲ್ಲಿ ನಿಲ್ಲುತ್ತದೆ. ಎರಡು ರಾತ್ರಿಗೆ ನಾಲ್ಕು ಜನಕ್ಕೆ ಸಿಲಿಂಡರ್ ಅಗತ್ಯವೇ ಇಲ್ಲ, ಬ್ಯುಟೇನ್ ಕ್ಯಾನ್ ಹಾಕುವ ಒಂದು ಬರ್ನರಿನ ಸ್ಟವ್ ಸಾಕು. ಪೂರ್ತಿ ಉರಿಯಲ್ಲಿ 225 ಗ್ರಾಂ ಕ್ಯಾನ್ ಸುಮಾರು ಒಂದೂವರೆ ಗಂಟೆ ಬರುತ್ತದೆ. 3 ಲೀಟರ್ ಕುಕ್ಕರ್ ಬಳಸಿದರೆ ದಿನಕ್ಕೆ ಒಂದು ಕ್ಯಾನ್ ಲೆಕ್ಕ ಹಿಡಿದು, ಮೇಲೊಂದು ಹೆಚ್ಚಿಗೆ ಇಟ್ಟುಕೊಳ್ಳಿ. ಬೆಳಗಿನ ಚಳಿಯಲ್ಲಿ ಉರಿ ಸೊರಗಿದರೆ ಕ್ಯಾನ್ ಮುಗಿದಿದೆ ಅಂತಲ್ಲ. ಬ್ಯುಟೇನ್ ಆವಿಯಾಗುವಾಗ ಕ್ಯಾನನ್ನೇ ತಂಪು ಮಾಡುತ್ತದೆ, ಒತ್ತಡ ಇಳಿಯುತ್ತದೆ. ರಾತ್ರಿ ಅದನ್ನು ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಸುತ್ತಿಟ್ಟರೆ ಕಾಫಿ ಹೊತ್ತಿಗೆ ಅಷ್ಟು ತಣ್ಣಗಾಗಿರುವುದಿಲ್ಲ. ಬಿಸಿನೀರಿನಲ್ಲಿ ಇಡುವುದು, ಖಾಲಿ ಕ್ಯಾನ್‌ಗೆ ಗ್ಯಾಸ್ ತುಂಬಿಸುವುದು ಎರಡೂ ಅಪಾಯ. ಇನ್ನೊಂದು, ರೊಟ್ಟಿಯ ದೊಡ್ಡ ಹೆಂಚು. ಅದು ಕ್ಯಾನ್ ಇರುವ ಭಾಗದ ಮೇಲಕ್ಕೆ ಚಾಚಿಕೊಂಡರೆ ಕಾವು ಕೆಳಕ್ಕೆ ಬಡಿದು ಕ್ಯಾನ್ ಬಿಸಿಯಾಗುತ್ತದೆ, ಸಿಡಿಯಲೂಬಹುದು. ಗಾಳಿ ತಡೆಯಲು ಇಡುವ ತಗಡನ್ನೂ ಸ್ಟವ್ ಸುತ್ತ ಪೂರ್ತಿ ಮುಚ್ಚಬೇಡಿ, ಕ್ಯಾನ್ ಕಡೆ ತೆರೆದಿರಲಿ.

ಸ್ಟವ್ ಬೇರೆ ಮೇಜಿನ ಮೇಲೆ, ಕಾರಿನಿಂದ ಎರಡು ಮೀಟರ್ ಆಚೆ ಇರಬೇಕು. ಎತ್ತಿದ ಡಿಕ್ಕಿ ಬಾಗಿಲ ಕೆಳಗೆ ಬೇಡ, ಮಳೆ ಬಂದರೂ ಟೆಂಟಿನೊಳಗೆ ಬೇಡ. ಟೆಂಟಿನಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ನೀರು ದಿನಕ್ಕೆ ತಲೆಗೆ 5 ಲೀಟರ್ ಅಂದರೆ ಎರಡು ದಿನಕ್ಕೆ 40 ಲೀಟರ್, ಅಷ್ಟೇ ಕೆಜಿ. ನಲ್ಲಿ ಇರುವ 20 ಲೀಟರಿನ ಕ್ಯಾನ್ ಎರಡು ತಗೊಂಡು, ಹಿಂದಿನ ಸೀಟಿಗೆ ಒರಗಿಸಿ, ನೆಲಮಟ್ಟದಲ್ಲಿಡಿ. ಪ್ರಯಾಣದಲ್ಲಿ ನಲ್ಲಿ ಮೇಲ್ಮುಖವಾಗಿರಲಿ, ಕೆಳಗಿದ್ದರೆ ಅದುರಿಗೆ ವಾಷರ್ ಸಡಿಲಾಗಿ ಸೋರುತ್ತದೆ. ಅಡುಗೆ ಪೆಟ್ಟಿಗೆಯನ್ನು ಈ ನೀರಿನ ಕ್ಯಾನ್‌ಗಳಿಗೆ ತಾಗಿಸಿ ಇಟ್ಟು, ಡಿಕ್ಕಿಯ ಕೊಕ್ಕೆಗಳಿಗೆ ರಾಚೆಟ್ ಬೆಲ್ಟ್ ಹಾಕಿ ಬಿಗಿಯಿರಿ. ನಡುವೆ ಜಾಗ ಬಿಟ್ಟರೆ ಜೋರಾಗಿ ಬ್ರೇಕ್ ಹಾಕಿದಾಗ ಅದು ವೇಗ ಪಡೆದು ಸೀಟಿಗೆ ಗುದ್ದುತ್ತದೆ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನನ್ನೂ ಪೇರಿಸಬೇಡಿ.

ಪೆಟ್ಟಿಗೆ ತುಂಬುವಾಗ ಕಾಫಿಪುಡಿ, ಸಕ್ಕರೆ, ಲೈಟರ್, ಒಂದು ಪಾತ್ರೆ, ಲೋಟಗಳು ಬಾಗಿಲು ತೆಗೆದ ಕೂಡಲೇ ಸಿಗುವ ಬುಟ್ಟಿಯಲ್ಲಿರಲಿ. ರವೆಯನ್ನು ಮನೆಯಲ್ಲೇ ಹುರಿದು, ಒಗ್ಗರಣೆಯನ್ನೂ ಬೆರೆಸಿಟ್ಟರೆ ಉಪ್ಪಿಟ್ಟಿಗೆ ಕುದಿವ ನೀರು, ಉಪ್ಪು ಮಾತ್ರ ಬೇಕು. ಎಣ್ಣೆ ಬಾಟಲಿ ಒಂದು ಡಬ್ಬದೊಳಗೆ ನೇರ ನಿಲ್ಲಲಿ. ತಟ್ಟೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆದರೆ ನೀರು ಅರ್ಧ ಉಳಿಯುತ್ತದೆ. ತೊಳೆದ ನೀರನ್ನು ಹಳ್ಳದಿಂದ 60 ಮೀಟರ್ ದೂರ ಚೆಲ್ಲಿ. ಬಂಡೀಪುರ, ನಾಗರಹೊಳೆಯಂಥ ಹುಲಿ ಸಂರಕ್ಷಿತ ಅರಣ್ಯದ ರಸ್ತೆಗಳಲ್ಲಿ ಗಾಡಿ ನಿಲ್ಲಿಸುವುದೇ ನಿಷಿದ್ಧ, ಅಲ್ಲಿ ಸ್ಟವ್ ತೆಗೆಯುವ ಯೋಚನೆಯೇ ಬೇಡ. ಎಸ್ಟೇಟ್ ಅಥವಾ ಹೋಂಸ್ಟೇ ಜಾಗವಾದರೆ ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ, ಫೆಬ್ರವರಿಯಿಂದ ಮಳೆ ಬೀಳುವ ತನಕ ಒಣ ಹುಲ್ಲಿನ ಮೇಲೆ ಸ್ಟವ್ ಇಡಲು ಅವರು ಬಿಡದಿರಬಹುದು.