ಐದು ಗಂಟೆಯ ಟಿಕ್ ಮಾರ್ಕು

ಪ್ರಶ್ನೆ: ಮೇಡಂ, ನನಗೆ 31 ವರ್ಷ. ತವರು ಬೆಟಗೇರಿ, ಮದುವೆಯಾಗಿ ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ವಾರಕ್ಕೊಂದು ಶಿಫ್ಟ್, ತಿಂಗಳಿಗೆ ಎಂಟು ಹತ್ತು ನೈಟ್ ಇದ್ದೇ ಇರುತ್ತದೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಜನವರಿಯಲ್ಲಿ ನಮ್ಮ ಸ್ತ್ರೀಯರ ಕೂಟದವರು ಒಂದು ವರ್ಷದಲ್ಲಿ ಸತ್ಯವೇದ (ಬೈಬಲ್) ಓದಿ ಮುಗಿಸುವ ಯೋಜನೆ ಶುರು ಮಾಡಿದರು. ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡಿ, ಆ ದಿನದ ಅಧ್ಯಾಯಗಳನ್ನು ಓದಿ, ವಾಟ್ಸಾಪ್ ಗುಂಪಿನಲ್ಲಿ ಹಸಿರು ಟಿಕ್ ಹಾಕಬೇಕು. ಫೆಬ್ರವರಿವರೆಗೆ ಓದಿದೆ. ಆಮೇಲೆ ಆಗಲಿಲ್ಲ. ಟಿಕ್ ಮಾತ್ರ ಇವತ್ತಿನವರೆಗೂ ಹಾಕುತ್ತಿದ್ದೇನೆ, ಐದು ತಿಂಗಳಾಯಿತು. ಒಂದು ದಿನ ಐಸಿಯು ಬಾತ್‌ರೂಮಿನಿಂದ ಹಾಕಿದೆ. ಅತ್ತೆ ದಿನಾ 4.30ಕ್ಕೆ ಎದ್ದು ಪ್ರಾರ್ಥನೆಗೆ ಕೂರುತ್ತಾರೆ, ನನಗೆ ಏನೂ ಅನ್ನುವುದಿಲ್ಲ, ಅದೇ ಕಷ್ಟ. ಈಗ ಕೂಟ ನಡೆಸುವ ಅಕ್ಕ ಮುಂದಿನ ತಿಂಗಳು ಆರಾಧನೆಯಲ್ಲಿ ‘ಕೆಲಸದ ನಡುವೆಯೂ ದೇವರಿಗೆ ಸಮಯ’ ಅಂತ ಎಲ್ಲರ ಮುಂದೆ ಸಾಕ್ಷಿ, ಅಂದರೆ ಸ್ವಂತ ಅನುಭವ, ಹೇಳು ಎಂದಿದ್ದಾರೆ. ಹೊಲ ಮಾರಿದ ಹಣದ ಬಗ್ಗೆ ಸುಳ್ಳು ಹೇಳಿ ಬಿದ್ದು ಸತ್ತ ಅನನೀಯ, ಸಪ್ಫೈರ ದಂಪತಿಯ ಕಥೆ ನೆನಪಾಗಿ ಮೈ ನಡುಗುತ್ತದೆ. ಪ್ರಾರ್ಥನೆಗೆ ಕೂತರೂ ಏನೂ ಅನ್ನಿಸುವುದಿಲ್ಲ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಯಾರೋ ಹೇಳಿದರು. ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಸೋತೆ. ನನ್ನ ನಂಬಿಕೆ ಸತ್ತುಹೋಗಿದೆಯೇ? ಕೊನೆಯದಾಗಿ ಒಂದು ಪ್ರಶ್ನೆ: ಮೆಟ್ರೊದಲ್ಲಿ ಸತ್ಯವೇದದ ಆಡಿಯೊ ಕೇಳಿದರೆ ಅದು ಓದಿದ ಲೆಕ್ಕಕ್ಕೆ ಬರುತ್ತದೆಯೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಬಾತ್‌ರೂಮಿನ ಟಿಕ್ ಬಗ್ಗೆ ಓದಿ ನಗು ಬಂತು, ಕ್ಷಮಿಸಿ. ನಕ್ಕಿದ್ದು ನಿಮ್ಮನ್ನು ನೋಡಿ ಅಲ್ಲ. ನನ್ನ ಸತ್ಯವೇದವನ್ನು ಮುಚ್ಚಿಟ್ಟು ಪಕ್ಕದಿಂದ ನೋಡಿದರೆ ನನ್ನ ಬಂಡವಾಳವೆಲ್ಲ ಬಯಲಾಗುತ್ತದೆ. ಮೊದಲ ಪುಸ್ತಕ ಆದಿಕಾಂಡ ಪೂರ್ತಿ ಮತ್ತು ವಿಮೋಚನಕಾಂಡದ ಅರ್ಧದವರೆಗೆ ಪುಟಗಳ ಅಂಚು ಹೆಬ್ಬೆರಳಿನ ಜಿಡ್ಡಿಗೆ ಕಂದಾಗಿದೆ. ಮೂರನೆಯ ಪುಸ್ತಕ ಯಾಜಕಕಾಂಡದಿಂದ ಆಚೆ ಅಂಗಡಿಯಿಂದ ಈಗಷ್ಟೇ ತಂದಂತೆ ಬೆಳ್ಳಗಿದೆ. ಎಷ್ಟು ಜನವರಿಗಳು ಅಲ್ಲಿ ಬಂದು ನಿಂತಿವೆಯೋ ಲೆಕ್ಕವಿಲ್ಲ.

66 ಪುಸ್ತಕ, 1189 ಅಧ್ಯಾಯ. ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರು ಚಿಲ್ಲರೆ. ಆ ವೇಗದಲ್ಲಿ ಹೋದರೆ ಫೆಬ್ರವರಿ ಮೊದಲ ವಾರಕ್ಕೆ ಸರಿಯಾಗಿ ಯಾಜಕಕಾಂಡದ 13ನೇ ಅಧ್ಯಾಯ ಎದುರಾಗುತ್ತದೆ: ಚರ್ಮದ ಮೇಲೆ ಬಾವು, ಬಿಳಿ ಕಲೆ, ರೋಗಿಯನ್ನು ಏಳು ದಿನ ಪ್ರತ್ಯೇಕವಾಗಿಟ್ಟು ಮತ್ತೆ ಪರೀಕ್ಷೆ. ರಾತ್ರಿಯಿಡೀ ವಾರ್ಡಿನಲ್ಲಿ ಇದನ್ನೇ ಮಾಡಿ ಬಂದವರಿಗೆ ಬೆಳಿಗ್ಗೆ ಐದಕ್ಕೆ ಮತ್ತೆ ಅದೇ ಕೇಸ್ ಶೀಟ್. ನೀವು ನಿಂತದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಮೊದಲು ಸುಳ್ಳಿನ ವಿಷಯ ಮುಗಿಸೋಣ. ಅದು ಇರುವವರೆಗೆ ಉಳಿದ ಯಾವ ಅಭ್ಯಾಸವೂ ನಿಮಗೆ ಹಿಡಿಸುವುದಿಲ್ಲ. ಪ್ರಾರ್ಥನೆಗೆ ಕೂತಾಗ ಏನೂ ಅನ್ನಿಸುವುದಿಲ್ಲ ಎಂದಿರಲ್ಲ, ಅರ್ಧ ಕಾರಣ ಅಲ್ಲೇ ಇರಬಹುದು. ಕಣ್ಣು ಮುಚ್ಚಿದರೆ ದೇವರಿಗಿಂತ ಮೊದಲು ಆ ಹಸಿರು ಟಿಕ್ಕೇ ಎದುರಿಗೆ ಬಂದರೆ ಮಾತು ಹೊರಡುವುದಾದರೂ ಹೇಗೆ?

ಅನನೀಯ, ಸಪ್ಫೈರರ ಹೋಲಿಕೆ ಪೂರ್ತಿ ತಪ್ಪು ಎಂದು ನಾನು ಹೇಳುವುದಿಲ್ಲ. ಭಕ್ತರೆನ್ನಿಸಿಕೊಳ್ಳಲು ಆಡಿದ ಸುಳ್ಳು ಅವರದ್ದೂ ಹೌದು, ನಿಮ್ಮದೂ ಹೌದು. ಆದರೆ ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಸಪ್ಫೈರಳಿಗೆ ನಿಜ ಹೇಳಲು ಯೇಸುವಿನ ಶಿಷ್ಯ ಪೇತ್ರ ಬಾಗಿಲು ತೆರೆದು ಕೊಟ್ಟಿದ್ದ, ಹೊಲ ಮಾರಿದ್ದು ಇಷ್ಟಕ್ಕೇನಾ ಎಂದು ಕೇಳಿದ್ದ. ಕೇಳಿದವನು ಯಾರು ನೋಡಿ, ಯೇಸು ಯಾರೋ ಗೊತ್ತಿಲ್ಲ ಎಂದು ಒಂದೇ ರಾತ್ರಿಯಲ್ಲಿ ಮೂರು ಸುಳ್ಳು ಹೇಳಿದ್ದವನು! ಆ ರಾತ್ರಿ ಚಳಿಗೆ ಆಳುಗಳು ಹಾಕಿದ್ದ ಇದ್ದಲ ಬೆಂಕಿಯ ಹತ್ತಿರ ಕೈ ಕಾಯಿಸುತ್ತ ನಿಂತಿದ್ದ. ಯೋಹಾನನ ಸುವಾರ್ತೆಯ ಕೊನೆಯಲ್ಲಿ, ಕೆರೆಯ ದಡದಲ್ಲಿ, ಮತ್ತೊಂದು ಇದ್ದಲ ಬೆಂಕಿ ಉರಿಯುತ್ತದೆ, ಅದರ ಮೇಲೆ ಮೀನು. ಗ್ರೀಕ್ ಮೂಲದ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಎರಡನೇ ಬೆಂಕಿಯ ಹತ್ತಿರ ಪೇತ್ರನಿಗೆ ಯೇಸುವಿನಿಂದ ಮೊದಲು ಸಿಕ್ಕಿದ್ದು ಊಟ. ಪ್ರಶ್ನೆ ಬಂದದ್ದು ಊಟವಾದ ಮೇಲೆ, ಅದೂ ಅವನ ಸುಳ್ಳಿನ ಬಗ್ಗೆ ಅಲ್ಲ, ಪ್ರೀತಿಯ ಬಗ್ಗೆ.

ಹಾಗಾಗಿ ರಜೆಯ ದಿನ ಆ ಅಕ್ಕನಿಗೆ ಫೋನ್ ಮಾಡಿ. ಗುಂಪಿನಲ್ಲಿ ಎಲ್ಲರ ಮುಂದೆ ಬರೆಯಬೇಡಿ. ನಲವತ್ತು ಜನ ಕೈಮುಗಿದ ಚಿತ್ರ ಹಾಕುತ್ತಾರೆ, ಇಬ್ಬರು ಉಪದೇಶ ಮಾಡುತ್ತಾರೆ, ಅದರಿಂದ ಯಾರಿಗೂ ಲಾಭವಿಲ್ಲ. “ಅಕ್ಕಾ, ಫೆಬ್ರವರಿ ಆದಮೇಲೆ ನಾನು ಓದಿಲ್ಲ, ಟಿಕ್ ಮಾತ್ರ ಹಾಕ್ತಾ ಬಂದೆ. ಸಾಕ್ಷಿ ಹೇಳೋಕೆ ನನ್ನಿಂದ ಆಗಲ್ಲ. ಇನ್ನು ಮೇಲೆ ಟಿಕ್ಕೂ ಹಾಕಲ್ಲ, ಆದ್ರೆ ಗುಂಪಲ್ಲಿ ಇರ್ತೀನಿ.” ಇಷ್ಟು ಸಾಕು. ‘ನೈಟ್ ಡ್ಯೂಟಿ ಇತ್ತು’ ಎಂಬ ಸಮಜಾಯಿಷಿಯನ್ನು ಸೇರಿಸಬೇಡಿ. ಅದು ನಿಜವೇ ಆದರೂ ಮಾತನ್ನು ಹಗುರ ಮಾಡುತ್ತದೆ. ಆ ಅಕ್ಕ ‘ನನ್ನದೂ ಅದೇ ಕಥೆ’ ಎಂದರೆ ಗಾಬರಿಯಾಗಬೇಡಿ.

ಇನ್ನು ಐದು ಗಂಟೆ. ಈ ಐದು ಗಂಟೆಯನ್ನು ಯಾರು ನಿಗದಿ ಮಾಡಿದರೋ ಕಾಣೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಹೋಗಿ ಪ್ರಾರ್ಥಿಸಿದ್ದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ, ಅದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನಾಲ್ಕನೇ ಅಧ್ಯಾಯದಲ್ಲಿ, ಬಿರುಗಾಳಿಗೆ ದೋಣಿಯೊಳಗೆ ನೀರು ನುಗ್ಗುತ್ತಿರುವಾಗ ಆತ ತಲೆದಿಂಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದನಲ್ಲ, ಅದನ್ನು ಯಾರೂ ಯೋಜನೆಯಲ್ಲಿ ಸೇರಿಸುವುದಿಲ್ಲ. ನಿಮಗೆ ಬೆಳಗಿನ ಐದು ಎಂದರೆ ಬಿಪಿ, ಟೆಂಪರೇಚರ್, ಸ್ಯಾಂಪಲ್ ತೆಗೆಯುವ ಹೊತ್ತು. ಆ ಹೊತ್ತಿಗೆ ರೋಗಿಯನ್ನು ಬಿಟ್ಟು ಮೊಬೈಲ್ ಹಿಡಿದರೆ ಅದು ಭಕ್ತಿಯೂ ಅಲ್ಲ, ಡ್ಯೂಟಿಯೂ ಅಲ್ಲ.

21 ದಿನದ ಮಾತನ್ನು ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸವೊಂದು ಮೈಗೂಡಲು ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗಬಹುದು, ನಡುಮಧ್ಯದ ಸಂಖ್ಯೆ 66 ಎಂದು ಅದರಲ್ಲಿ ಕಂಡುಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ನಿಮಗೆ ಬೇಕಾದ ವಿಷಯ ಇನ್ನೊಂದಿದೆ: ಅವರೆಲ್ಲ ಹೊಸ ಅಭ್ಯಾಸವನ್ನು ದಿನವೂ ಬರುವ ಒಂದು ಸಂದರ್ಭಕ್ಕೆ, ತಿಂಡಿಯಾದ ಮೇಲೆ ಎನ್ನುವಂಥದ್ದಕ್ಕೆ, ಗಂಟು ಹಾಕಿದ್ದರು. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವ ನಿಮ್ಮ ಬದುಕಿನಲ್ಲಿ ‘ಬೆಳಿಗ್ಗೆ ಐದು’ ದಿನವೂ ಒಂದೇ ಥರ ಬರುವುದಿಲ್ಲ. ಅದು ಒಂದು ವಾರ ನಿದ್ದೆ, ಇನ್ನೊಂದು ವಾರ ವಾರ್ಡು. ಗಡಿಯಾರಕ್ಕೆ ಕಟ್ಟಿದಿರಿ, ಅದಕ್ಕೇ ಜಾರಿತು. ಶಿಫ್ಟ್ ಯಾವುದೇ ಇರಲಿ, ಮಾಡಿಯೇ ತೀರುವ ಕೆಲಸಕ್ಕೆ ಕಟ್ಟಿ.

ನಮ್ಮವ್ವ ಹಾಗೆ ಮಾಡುತ್ತಿದ್ದಳು. ಅವಳಿಗೆ ಕೂತು ಪ್ರಾರ್ಥಿಸುವಷ್ಟು ಬಿಡುವನ್ನು ಯಾರೂ ಕೊಡಲಿಲ್ಲ. ಒಲೆ ಮುಂದೆ ಜೋಳದ ರೊಟ್ಟಿ ಬಡಿಯುವಾಗ ಒಂದು ರೊಟ್ಟಿಗೆ ಒಂದು ಹೆಸರು. ದೊಡ್ಡ ಮಗ, ಎದುರುಮನೆಯ ಬಸುರಿ, ಕುಡಿತ ಬಿಡದ ತಮ್ಮ. ರೊಟ್ಟಿ ಹೆಂಚಿಗೆ ಬಿದ್ದು ನೀರು ಸವರುವ ಹೊತ್ತಿಗೆ ಆ ಹೆಸರು ಮುಗಿಯುತ್ತಿತ್ತು. ಜಗಳವಾಡಿದವರ ಸರದಿ ಬಂದಾಗ ರೊಟ್ಟಿಗೆ ಏಟು ಸ್ವಲ್ಪ ಜೋರಾಗಿಯೇ ಬೀಳುತ್ತಿತ್ತು, ಆದರೆ ಹೆಸರನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ನೆಂಟರಿದ್ದರೆ ಪಟ್ಟಿ ಉದ್ದ!

ನಿಮ್ಮ ರೊಟ್ಟಿ ಎಂದರೆ ಹಾಸಿಗೆಯ ಕಾಲ ಬಳಿ ಇರುವ ಹ್ಯಾಂಡ್‌ರಬ್ ಬಾಟಲಿ. ಒತ್ತಿ, ಅಂಗೈ, ಬೆರಳಸಂದು, ಹೆಬ್ಬೆರಳು ಎಲ್ಲ ಉಜ್ಜಿ ಒಣಗಲು 20ರಿಂದ 30 ಸೆಕೆಂಡ್ ಬೇಕು ಎಂದು ನಿಮಗೆ ಕಲಿಸಿಯೇ ಇರುತ್ತಾರೆ. ಅಷ್ಟು ಹೊತ್ತು ಆ ರೋಗಿಯ ಹೆಸರನ್ನು ದೇವರ ಮುಂದೆ ಹಿಡಿಯಿರಿ. ಹೆಸರು ಮಾತ್ರ ಸಾಕು. ಆದರೆ ಔಷಧ ಎಳೆಯುವಾಗ, ಡೋಸ್ ಲೆಕ್ಕ ಹಾಕುವಾಗ ಬೇಡ. ಆಗ ನಿಮ್ಮ ಇಡೀ ಗಮನ ಸಿರಿಂಜಿನ ಗೆರೆಗಳ ಮೇಲಿರಲಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಓದಿಗೆ ಯಾಜಕಕಾಂಡವನ್ನು ಸದ್ಯಕ್ಕೆ ಬಿಟ್ಟು ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ 120ರಿಂದ 134ರವರೆಗೆ ತೆಗೆದುಕೊಳ್ಳಿ. ಹದಿನೈದು ಯಾತ್ರಾಗೀತೆಗಳು. 132ನೆಯದನ್ನು ಬಿಟ್ಟರೆ ಯಾವುದೂ ಒಂಬತ್ತು ವಚನ ದಾಟುವುದಿಲ್ಲ. ಇವುಗಳಲ್ಲಿ ನೈಟ್ ಡ್ಯೂಟಿಯವರಿಗೆಂದೇ ಬರೆದಂತಿರುವುವು ಎರಡು ಮೂರು ಇವೆ. 134ರಲ್ಲಿ ಇರುವುದೇ ಮೂರು ವಚನ, ಅದು ಮಾತಾಡುವುದು ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತು ಸೇವೆ ಮಾಡುವವರ ಜೊತೆ. 130ರಲ್ಲಿ, ಬೆಳಗಾಗುವುದನ್ನೇ ಕಾಯುವ ಕಾವಲುಗಾರರ ಮಾತು ಒಂದಾದ ಮೇಲೊಂದು ಎರಡು ಸಲ ಬರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹ್ಯಾಂಡೋವರ್‌ಗೆ ಇನ್ನೆಷ್ಟು ಹೊತ್ತು ಎಂದು ಗೋಡೆಯ ಗಡಿಯಾರ ನೋಡಿದವರಿಗೆ ಆ ಎರಡನೇ ಸಲ ಯಾಕೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. 127ನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಬೇಗ ಏಳುವುದು, ತಡವಾಗಿ ಮಲಗುವುದು, ದುಡಿದು ಉಣ್ಣುವುದು ವ್ಯರ್ಥ, ಆತ ತನ್ನ ಪ್ರಿಯರಿಗೆ ನಿದ್ದೆಯನ್ನು ಕೊಡುತ್ತಾನೆ ಎನ್ನುತ್ತದೆ ಅದು. (ಅತ್ತೆಗೆ ಓದಿ ತೋರಿಸಬೇಡಿ.)

ಹದಿನೈದು ಮುಗಿದರೆ ಮತ್ತೆ ಮೊದಲಿನಿಂದ. ಡ್ಯೂಟಿಯಿಂದ ಬಂದು ಯೂನಿಫಾರ್ಮ್ ಬಿಚ್ಚಿ ಮಲಗುವ ಮುನ್ನ ಒಂದು, ಅಷ್ಟೇ. ಎರಡು ತಿಂಗಳಾದ ಮೇಲೆ ಮಾರ್ಕನಿಗೆ ಹೋಗಬಹುದು, 16 ಅಧ್ಯಾಯ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನಕ್ಕೆ ಕೊಟ್ಟ ಆಹಾರ, ಆ ಮನ್ನದ ಕಥೆ ನೆನಪಿದೆಯಲ್ಲ? ನಾಳೆಗೂ ಇರಲಿ ಎಂದು ತೆಗೆದಿಟ್ಟಿದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ತಪ್ಪಿದ ದಿನಗಳ ಬಾಕಿಯನ್ನು ಭಾನುವಾರ ಒಟ್ಟಿಗೆ ತೀರಿಸುವ ನಮ್ಮ ಚಾಳಿಗೂ ಅದೇ ಗತಿ.

ಭಾನುವಾರದ ಡ್ಯೂಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರೋಮ್ ಸಾಮ್ರಾಜ್ಯದಲ್ಲಿ ಭಾನುವಾರ ರಜೆಯಾಗಿದ್ದು 321ರಲ್ಲಿ, ಕಾನ್‌ಸ್ಟಂಟೈನ್ ಆಜ್ಞೆ ಹೊರಡಿಸಿದ ಮೇಲೆ. ಅದಕ್ಕೆ ಮುಂಚಿನ ಕ್ರೈಸ್ತರು, ಅವರಲ್ಲಿ ಗುಲಾಮರೂ ಇದ್ದರು, ದುಡಿಮೆಯ ನಡುವೆಯೇ ಸೇರುತ್ತಿದ್ದರು. ನಿಮ್ಮ ಇನ್‌ಚಾರ್ಜ್ ಬಳಿ ತಿಂಗಳಿಗೆ ಒಂದು ಭಾನುವಾರ ಬಿಡಿ ಎಂದು ಕೇಳಿ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇರುವ ಭಾನುವಾರವನ್ನೇ ಕೇಳಿ. ಬದಲಿಗೆ ದೀಪಾವಳಿಯಲ್ಲಿ ಡ್ಯೂಟಿ ಮಾಡುತ್ತೇನೆ ಎಂದರೆ ರೋಸ್ಟರ್ ಬರೆಯುವವರು ಸಾಮಾನ್ಯವಾಗಿ ಖುಷಿಯಿಂದ ಒಪ್ಪುತ್ತಾರೆ.

ಅತ್ತೆ. ಅವರು ಏನೂ ಅನ್ನುವುದಿಲ್ಲ ಎಂಬುದನ್ನೇ ದೂರಾಗಿ ಬರೆದಿದ್ದೀರಿ, ಅದು ಅನ್ಯಾಯ. ಅವರ ವಯಸ್ಸಿಗೆ 4.30ಕ್ಕೆ ಎಚ್ಚರ ತಾನಾಗಿಯೇ ಆಗುತ್ತದೆ, ನಿಮಗೂ ಆಗುವ ಕಾಲ ಬರುತ್ತದೆ. ನೈಟ್‌ಗೆ ಹೊರಡುವ ಮುನ್ನ ನೀವು ಊಟ ಮಾಡುವಾಗ “ಅತ್ತೆ, ಒಂದು ಕೀರ್ತನೆ ಓದ್ತೀರಾ?” ಎಂದು ಕೇಳಿ ನೋಡಿ. ನೀವು ಅನ್ನ ಕಲಸುತ್ತಿರಿ, ಅವರು ಓದಲಿ. ಮೊದಲ ದಿನ ಇಬ್ಬರಿಗೂ ಮುಜುಗರವಾಗುತ್ತದೆ. ಒಂದು ವಾರ ಕಳೆದರೆ ಅವರೇ ಕನ್ನಡಕ ಹುಡುಕಿಕೊಂಡು ಬಂದು ಕೂತಿರುತ್ತಾರೆ.

ನಂಬಿಕೆ ಸತ್ತಿದೆಯೇ ಎಂದು ಕೇಳಿದ್ದೀರಿ. ಸತ್ತಿದ್ದರೆ ಈ ಸುಳ್ಳು ನಿಮ್ಮನ್ನು ಐದು ತಿಂಗಳು ಚುಚ್ಚುತ್ತಿರಲಿಲ್ಲ. ಮಾರ್ಕನ 4ನೇ ಅಧ್ಯಾಯದಲ್ಲಿ ಬೀಜ ಬಿತ್ತಿದವನೊಬ್ಬ ಇದ್ದಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೇ ಗೊತ್ತಿಲ್ಲ. ನೀವು ದಿನಾ ಮಣ್ಣು ಕೆದಕಿ ನೋಡುತ್ತಿದ್ದೀರಿ.

ಆದರೆ ಒಂದು ಅನುಮಾನವನ್ನು ಹೇಳಿಬಿಡುತ್ತೇನೆ. ಏನೂ ಅನ್ನಿಸದಿರುವುದು ಪ್ರಾರ್ಥನೆಯಲ್ಲಿ ಮಾತ್ರವೋ, ಊಟದಲ್ಲೂ, ಗಂಡನ ಜೊತೆಗೂ, ತವರಿನಿಂದ ಫೋನ್ ಬಂದಾಗಲೂ ಹಾಗೆಯೋ? ಎಲ್ಲದರಲ್ಲೂ ಹಾಗಿದ್ದು ಎರಡು ವಾರ ಮೀರಿದ್ದರೆ ಅದನ್ನು ಭಕ್ತಿಯ ಕೊರತೆ ಎಂದುಕೊಳ್ಳದೆ ವೈದ್ಯರಿಗೆ ತೋರಿಸಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಪ್ರವಾದಿ ಎಲೀಯನು ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸಿದ. ಒಂದನೆಯ ಅರಸುಗಳು, 19ನೇ ಅಧ್ಯಾಯ. ನರ್ಸ್ ಆದ ನಿಮಗೆ ಆ ದೂತನ ಕೆಲಸ ಗುರುತು ಸಿಕ್ಕೀತು.

ಮೆಟ್ರೊದಲ್ಲಿ ಆಡಿಯೊ? ಧಾರಾಳವಾಗಿ ಕೇಳಿ. ಪೌಲನ ಪತ್ರಗಳು ಸಭೆಗಳಿಗೆ ಬಂದಾಗ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಡ್ಯೂಟಿಗೆ ಹೋಗುವಾಗ ಕೇಳಿ. ನೈಟ್ ಮುಗಿಸಿ ಬರುವಾಗ ಮಾತ್ರ ಬೇಡ, ಕಣ್ಣೆಳೆದು ನಿಮ್ಮ ಸ್ಟೇಷನ್ ದಾಟಿ ಹೋದೀತು.