ನಮ್ಮ ಹಿತ್ತಲಿಗೆ ಬಿಳಿ ಗೊರವಂಕದಂಥ ಹಕ್ಕಿ ಬರುತ್ತಿದೆ. ಇದು ಯಾವ ಜಾತಿ? ಸಾಕಿದ್ದು ತಪ್ಪಿಸಿಕೊಂಡಿದ್ದರೆ ಹಿಡಿದಿಟ್ಟುಕೊಳ್ಳಲೇ?

ಹಿಡಿಯಬೇಡಿ. ಉಳಿದದ್ದು ಆಮೇಲೆ.

ನಾನು ಹಿಡಿದಿದ್ದೆ. ಹೋಳಿ ಮುಗಿದ ವಾರ, ಬಾಗಲಕೋಟೆ ನವನಗರದ ನಮ್ಮ ಮನೆಗೆ ಹಾಲಿನಂಥ ಬಿಳಿ ಹಕ್ಕಿ ಬಂತು. ಬಂಡಿಯಲ್ಲಿ ಬ್ಯಾರಲ್ ಇಟ್ಟುಕೊಂಡು ಬಣ್ಣ ಎರಚುವ ಊರು ನಮ್ಮದು. ಬಣ್ಣ ಹತ್ತಿದ ಹಕ್ಕಿಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಇದ್ದ ಬಣ್ಣವನ್ನೇ ಕಳೆದುಕೊಂಡು ಬಂದಿತ್ತು! ಫೋನಿನಲ್ಲಿ ಬಿಳಿ ಹಕ್ಕಿಗಳ ಚಿತ್ರ ನೋಡಿದೆ. ಯಾವುದೂ ಹೊಂದಲಿಲ್ಲ. ಯಾರದೋ ಪಂಜರದ ಫಾರಿನ್ ಹಕ್ಕಿ ಅಂತ ತೀರ್ಮಾನಿಸಿಬಿಟ್ಟೆ.

"ಒದರೋದು ದಿನಾ ಬರೋ ಬುಲ್‌ಬುಲ್ ಹಂಗೇ ಐತಲ್ಲೋ" ಅಂದಳು ಅವ್ವ. ನಾನು ಕೇಳಲಿಲ್ಲ. ತಲೆ ಮೇಲೆ ಜುಟ್ಟಿತ್ತು, ಬಾಲದ ಬುಡದಲ್ಲಿ ಕೆಂಪು ಹಾಗೇ ಇತ್ತು. ಅದನ್ನೂ ನೋಡಲಿಲ್ಲ. ಬಿಳಿ, ಬಿಳಿ, ಬಿಳಿ, ಅಷ್ಟೇ ಕಂಡದ್ದು. ಬುಟ್ಟಿ ಕೆಳಗೆ ಪಪ್ಪಾಯಿ ಇಟ್ಟು ದಾರ ಎಳೆದೆ. ಪಪ್ಪಾಯಿ ತಿನ್ನಲು ಬಂದ ಹಕ್ಕಿಗೆ ಪಂಜರದಲ್ಲಿ ಏನು ಹಾಕಿದೆ ಗೊತ್ತಾ? ನವಣೆ. ಸಾಕುವ ಹಕ್ಕಿಗಳು ನವಣೆ ತಿನ್ನುತ್ತವೆ ಅಂತ ಓದಿದ್ದೆ. ಬುಲ್‌ಬುಲ್ ತಿನ್ನುವುದು ಹಣ್ಣು, ಹುಳು. ಎರಡು ದಿನ ಅದು ಕಾಳು ಮುಟ್ಟಲಿಲ್ಲ, ತಂತಿಗೆ ತಲೆ ಚಚ್ಚಿಕೊಂಡಿತು. ಹೊರಗೆ ವೈರ್ ಮೇಲೆ ಮಾಮೂಲಿ ಕರಿ ಬುಲ್‌ಬುಲ್ ಒಂದು ಕೂತು ಒದರುತ್ತಲೇ ಇತ್ತು. ತಲೆನೋವು ಅಂತ ಅದನ್ನು ಓಡಿಸಿದೆ ನಾನು! ಮೂರನೇ ಬೆಳಗ್ಗೆ ಬಿಳಿಯದು ಸತ್ತಿತ್ತು. ಹೀಗೆ ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅನ್ನುವುದೂ ಆಮೇಲೇ ತಿಳಿಯಿತು.

ಹಾಗಾಗಿ "ಯಾವ ಜಾತಿ" ಅನ್ನುವ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಹೊಸ ಜಾತಿ ಹುಡುಕಬೇಡಿ. ದಿನಾ ಬರುವ ಹಕ್ಕಿಗಳಲ್ಲೇ ಇದು ಯಾವುದು ಅಂತ ನೋಡಿ. ಗರಿಯ ಕಪ್ಪು, ಕಂದು ಎರಡೂ ಮೆಲನಿನ್ ಅನ್ನುವ ಬಣ್ಣದ್ರವ್ಯದಿಂದ ಬರುತ್ತವೆ. ಗರಿಗೆ ಅದು ಸಿಗದಿದ್ದರೆ ಹಕ್ಕಿ ಬೆಳ್ಳಗಾಗುತ್ತದೆ. ಹಳದಿ, ಕೆಂಪಿನ ಬಣ್ಣದ್ರವ್ಯ ಬೇರೆ, ಅದು ಉಳಿಯುತ್ತದೆ. ಕಣ್ಣು ಕಪ್ಪಗಿದ್ದರೆ ಲ್ಯೂಸಿಸಂ, ಅಂದರೆ ಗರಿಗೆ ಮಾತ್ರ ಮೆಲನಿನ್ ಸಿಕ್ಕಿಲ್ಲ. ಕಣ್ಣು ಗುಲಾಬಿಯಾಗಿದ್ದರೆ ಆಲ್ಬಿನೊ, ಅಂದರೆ ಕಣ್ಣಿನಲ್ಲೂ ಮೆಲನಿನ್ ಇಲ್ಲ. ಪಾಪ, ಅವಕ್ಕೆ ದೃಷ್ಟಿ ಮಂದ.

ಬಿಳಿ ಹಕ್ಕಿ ಬೆಕ್ಕಿನ ಕಣ್ಣಿಗೂ ಬೇಗ ಬೀಳುತ್ತದೆ. ಸಹಾಯ ಮಾಡಲೇಬೇಕಿದ್ದರೆ ಬೆಕ್ಕನ್ನು ಓಡಿಸಿ, ನೀರಿಡಿ, ಸಾಕು. ಕೊಕ್ಕು, ಕಾಲು, ಕಣ್ಣಿನ ಸುತ್ತ ಹಳದಿ ಇದೆಯಾ? ಬೇರೆ ಗೊರವಂಕಗಳ ಜೊತೆ ನಡೆದಾಡುತ್ತಾ ಹುಳು ಹೆಕ್ಕುತ್ತದೆಯಾ? ಹಾಗಿದ್ದರೆ ಅದು ಬಿಳಿ ಗೊರವಂಕದಂಥದ್ದಲ್ಲ, ಗೊರವಂಕವೇ.