ಓದುಗರ ಪ್ರಶ್ನೆ: ತಲೆವಸ್ತ್ರದ ಆ ಹೆಂಗಸು ಯಾರು?

ಕಳೆದ ತಿಂಗಳು ನಮ್ಮ ಪತ್ರಿಕೆಯ ಹಿಂದಿನ ರಕ್ಷಾಪುಟಕ್ಕೆ ಅಮೆರಿಕದ ಮರೀ ಲಾವೋ ಎಂಬ ವೂಡೂ ಪೂಜಾರಿಣಿಯ ಚಿತ್ರ ಹಾಕಿದ್ದೆವು. ಕೆಂಪು-ಹಳದಿ ತಲೆವಸ್ತ್ರ, ಕೈಯಲ್ಲಿ ಸೊಪ್ಪಿನ ಕಟ್ಟು, ಪಕ್ಕದಲ್ಲಿ ಉರಿಯುವ ಮೇಣದ ಬತ್ತಿ. ಚೆಂದ ಇತ್ತು, ಹಾಕಿದೆವು. ಬಂದ ಪತ್ರ ನೋಡಿದರೆ ಜೊತೆಗೆ ನಾಲ್ಕು ಸಾಲು ಬರೆಯಬೇಕಿತ್ತು ಅನ್ನಿಸುತ್ತಿದೆ.

ಪ್ರಶ್ನೆ: ಚಿತ್ರ ಕತ್ತರಿಸಿ ಫ್ರೇಮ್ ಹಾಕಿಸಿದೆ. ಅತ್ತೆ "ಮಾಟ ಮಾಡೋಳ ಪಟ ಮನೆಯೊಳಗೆ ಬೇಡ" ಎಂದು ಅಟ್ಟಕ್ಕೆ ಸಾಗಿಸಿದ್ದಾರೆ. ಏನು ಹೇಳಲಿ? (ಗೃಹಿಣಿ, ಕಾರವಾರ)

ಅತ್ತೆಯದೇನೂ ತಪ್ಪಿಲ್ಲ. ವೂಡೂ ಅಂದರೆ ಗೊಂಬೆಗೆ ಸೂಜಿ ಚುಚ್ಚುವುದು ಅಂತ ಸಿನಿಮಾ ನೋಡಿ ನಾವೂ ನಂಬಿದವರೇ ಅಲ್ವಾ? ನಿಜವಾಗಿ ವೂಡೂ ಪಶ್ಚಿಮ ಆಫ್ರಿಕಾದ, ಈಗಿನ ಬೆನಿನ್ ಕಡೆಯ ಜನರ ನಂಬಿಕೆ. ಗುಲಾಮರಾಗಿ ಹಡಗು ಹತ್ತಿದವರ ಜೊತೆ ಹೈಟಿಗೆ, ಅಮೆರಿಕದ ಲೂಸಿಯಾನಕ್ಕೆ ಹೋಯಿತು. ಹಿರಿಯರಿಗೆ ಎಡೆ, ದೈವಗಳಿಗೆ ಡೋಲು, ಜೊತೆಗೆ ಕ್ಯಾಥೊಲಿಕ್ ಸಂತರಿಗೂ ಒಂದು ಮೇಣದ ಬತ್ತಿ. ಬೆಳಿಗ್ಗೆ ಚೌಡಿಗೆ ಕಾಯಿ ಒಡೆದು ಸಂಜೆ ದೇವಸ್ಥಾನದ ಭಜನೆಗೆ ಹೋಗುವ ನಮ್ಮ ಕಡೆಯವರಿಗೆ ಇದೇನು ವಿಚಿತ್ರ ಅಲ್ಲ.

ಮರೀ 1801ರಲ್ಲಿ ಲೂಸಿಯಾನದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದಳು. ಕಪ್ಪು ಮೂಲದವಳು, ಆದರೆ ಗುಲಾಮಳಲ್ಲ. 1819ರಲ್ಲಿ ಚರ್ಚಿನಲ್ಲೇ ಮದುವೆಯಾದಳು. ಕೆಲವೇ ವರ್ಷಕ್ಕೆ ಗಂಡ ಇಲ್ಲವಾದ, ಅವನ ಮನೆತನದ ಹೆಸರು ಪ್ಯಾರಿಸ್, ಹಾಗಾಗಿ ಊರವರಿಗೆ ಇವಳು "ವಿಧವೆ ಪ್ಯಾರಿಸ್". ವೂಡೂ ರಾಣಿ ಅನ್ನಿಸಿಕೊಂಡೂ ಚರ್ಚು ಬಿಟ್ಟವಳಲ್ಲ. 1881ರಲ್ಲಿ ತೀರಿಕೊಂಡಾಗ ಅಲ್ಲಿನ ಪತ್ರಿಕೆ ಹೊಗಳಿದ್ದು ಅವಳು ಮಾಡಿದ ರೋಗಿಗಳ ಆರೈಕೆಯನ್ನು. ಅತ್ತೆಗೆ ಇದನ್ನು ಓದಿ ಹೇಳಿ. ಆಮೇಲೂ ಬೇಡ ಅಂದರೆ ಬಿಡಿ, ಒಂದು ಪಟಕ್ಕೆ ಜಗಳ ಯಾಕೆ.

ಪ್ರಶ್ನೆ: ಅದು ಅವಳ ನಿಜವಾದ ಮುಖವೇ? (ಚಿತ್ರಕಲೆ ವಿದ್ಯಾರ್ಥಿ, ಶಿರಸಿ)

ಅಲ್ಲ. ಇವಳದೇ ಅಂತ ಖಾತ್ರಿಯಾದ ಫೋಟೊ, ಚಿತ್ರ ಯಾವುದೂ ಇಲ್ಲ. ಎಲ್ಲರಿಗೂ ಗೊತ್ತಿರುವ ಮುಖ ಲೂಸಿಯಾನದ ಮ್ಯೂಸಿಯಂನದು. ಅದನ್ನು ಫ್ರಾಂಕ್ ಶ್ನೈಡರ್ ಎಂಬಾತ ಬರೆದದ್ದು 1920ರ ಸುಮಾರಿಗೆ, ಅಂದರೆ ಅವಳು ಸತ್ತು ಹತ್ತಿರ ಹತ್ತಿರ ನಲವತ್ತು ವರ್ಷಕ್ಕೆ. ಅದೂ ಅಮೆರಿಕದ ಚಿತ್ರಗಾರ ಜಾರ್ಜ್ ಕ್ಯಾಟ್ಲಿನ್‌ನದು ಎನ್ನಲಾದ ಹಳೆಯ ಚಿತ್ರದ ನಕಲು. ಈಗ ಮಾರುವ ಪ್ರಿಂಟುಗಳಲ್ಲಿ ಹೆಚ್ಚಿನವು ಆ ನಕಲಿನ ಮಕ್ಕಳು ಮೊಮ್ಮಕ್ಕಳು.

ಆದರೆ ನೀವು ಮುಖ ಬಿಟ್ಟು ತಲೆವಸ್ತ್ರ ನೋಡಿ, ನಿಜವಾದ ಕತೆ ಅಲ್ಲಿದೆ. ಅದರ ಹೆಸರು ಟಿಯೋಂ. 1786ರಲ್ಲಿ, ಆಗ ಲೂಸಿಯಾನವನ್ನು ಆಳುತ್ತಿದ್ದ ಸ್ಪೇನಿನ ಗವರ್ನರ್ ಮಿರೋ, ಕಪ್ಪು ಮೂಲದ ಹೆಂಗಸರು ಕೂದಲಿಗೆ ಗರಿ-ಒಡವೆ ಹಾಕಿ ಮೆರೆಯಬಾರದು, ತಲೆಗೆ ಬಟ್ಟೆ ಸುತ್ತಬೇಕು ಅಂತ ಆಜ್ಞೆ ಮಾಡಿದ. ಅವರೇನು ಮಾಡಿದರು ಗೊತ್ತಾ? ಸುತ್ತಿದರು, ಆದರೆ ಕಣ್ಣು ಕೋರೈಸುವ ಬಣ್ಣದ ಬಟ್ಟೆ ತಂದು, ಎತ್ತರಕ್ಕೆ ಗಂಟು ಹಾಕಿ, ಅವಮಾನವನ್ನೇ ಫ್ಯಾಷನ್ ಮಾಡಿಬಿಟ್ಟರು. ಅದಕ್ಕೆ ಅವರು ಇಷ್ಟಪಟ್ಟ ಚೌಕುಳಿ ಬಟ್ಟೆಯ ಹೆಸರೇ ಮದ್ರಾಸ್, ನಮ್ಮ ದಕ್ಷಿಣದ ಮಗ್ಗದ ಬಟ್ಟೆ!

ಪ್ರಶ್ನೆ: ನಮ್ಮ ಸಿದ್ದಿಗಳಿಗೂ ಇವಳಿಗೂ ಸಂಬಂಧ ಇದೆಯೇ? (ಶಿಕ್ಷಕರು, ಯಲ್ಲಾಪುರ)

ಮುಖ ನೋಡಿ ಹಾಗೆ ಅನ್ನಿಸಬಹುದು, ಆದರೆ ದಾರಿ ಬೇರೆ. ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವ ಆಫ್ರಿಕಾದವರು, ಪೋರ್ಚುಗೀಸರ ಕಾಲದಲ್ಲಿ ಗೋವಾ ಮೂಲಕ ಬಂದವರು. ಒಂದೇ ಖಂಡದ ಎರಡು ಕರಾವಳಿ, ಎರಡು ಸಮುದ್ರ.

ಪ್ರಶ್ನೆ: ಕೈಯಲ್ಲಿರುವ ಸೊಪ್ಪು ಯಾವುದು? ನಮ್ಮಲ್ಲಿ ಸಿಗುತ್ತದಾ? (ಅಂಕೋಲಾ)

ಅದು ಚಿತ್ರಗಾರರ ಕಲ್ಪನೆ. ಹಾಲಕ್ಕಿ ಅಜ್ಜಿಯರ ಮದ್ದು ಕಂಡ ಊರಿನವರು ನೀವು, ಎಲೆ ಕಂಡರೆ ಕೈ ಸುಮ್ನೆ ಇರುವುದಿಲ್ಲ, ಗೊತ್ತು. ಆದರೆ ಮರೀ ಬರೆದಿಟ್ಟ ಮದ್ದಿನ ಪುಸ್ತಕ ಅಂತ ಒಂದೂ ಇಲ್ಲ.

1853ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹಳದಿ ಜ್ವರ ಬಂದು ಸುಮಾರು 8000 ಜನ ಸತ್ತರು. ಗಾಳಿ ಕೆಟ್ಟಿದೆ ಅಂತ ಬೀದಿಯಲ್ಲಿ ಫಿರಂಗಿ ಹಾರಿಸಿದರು, ಡಾಂಬರು ಸುಟ್ಟರು. ಹರಡುತ್ತಿದ್ದದ್ದು ಸೊಳ್ಳೆ, ನಮ್ಮಲ್ಲಿ ಡೆಂಗಿ ತರುವ ಅದೇ ಈಡಿಸ್, ಅದು ಸಾಬೀತಾಗಲು 1900 ಆಗಬೇಕಾಯಿತು. ಆ ಜ್ವರಕ್ಕೆ ಲಸಿಕೆ ಇದೆ, ಬಂದ ಮೇಲೆ ವಾಸಿ ಮಾಡುವ ಔಷಧ ಇವತ್ತಿಗೂ ಇಲ್ಲ. ಹಾಗಿದ್ದ ಮೇಲೆ ಎಲೆಯಿಂದ ಎಷ್ಟು ಜನ ಉಳಿದಾರು? ಎಲ್ಲರೂ ಹೆದರಿ ದೂರ ಓಡುವಾಗ ಮರೀ ರೋಗಿಗಳ ಹಾಸಿಗೆ ಪಕ್ಕ ಕೂತಳಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

ಪ್ರಶ್ನೆ: ಫ್ರೇಮ್ ಹಾಕಿಸಿದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದಲ್ಲ? (ಕುಮಟಾ)

ಹಿಡಿಯುತ್ತದೆ, ನಮ್ಮ ಆಫೀಸಿನ ಪಟಗಳೇ ಸಾಕ್ಷಿ. ಕಾಗದ ಗಾಜಿಗೆ ತಾಗದ ಹಾಗೆ ನಡುವೆ ಮೌಂಟ್ ಹಾಕಿಸಿ. ಮಳೆ ಹೊಡೆಯುವ ಹೊರಗೋಡೆಗೆ ಬೇಡ, ಒಳಗೋಡೆಗೆ ತೂಗುಹಾಕಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಜೂನ್‌ಗೆ ಮುಂಚೆ ಮಾಡಿ.